ಏಕಚ್ಛೇದ ಗಿಟಾರನ್ನು ಕೊಂಡ ಬಗೆ

ಕಳೆದ ತಿಂಗಳು ಈ ಪುಟದಲ್ಲಿ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುವ ವಿಚಾರವನ್ನು ಬರೆದಿದ್ದೆನು. ಅದನ್ನು ಓದಿದ ಗೃಹಿಣಿಯರು ಈ ತಿಂಗಳ ಶೀರ್ಷಿಕೆಯನ್ನು ಕಂಡು, ಮೇಷ್ಟ್ರಿಗೆ ಇದೇನಾಯಿತೆಂದು ಹುಬ್ಬೇರಿಸಬಹುದು. ಸಂಸ್ಕೃತ ವ್ಯಾಕರಣವನ್ನೂ ಕಾವ್ಯಗಳನ್ನೂ ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತನಾದವನಿಗೆ ವಿದ್ಯುತ್ ಗಿಟಾರಿನ ಗೊಡವೆ ಏತಕ್ಕೆಂದು ಕೇಳುವುದು ನ್ಯಾಯವೇ ಸರಿ. ಆದರೆ ಎಪ್ಪತ್ತು ಎಂಬತ್ತು ಸಾವಿರ ರೂಪಾಯಿ ಕ್ರಯದ ವಸ್ತುವೊಂದು ಮನೆಯೊಳಕ್ಕೆ ಬರುವುದಾದರೆ, ಅದು ಹಸುವಾಗಲಿ, ಹೊಲಿಗೆಯ ಯಂತ್ರವಾಗಲಿ, ವಾದ್ಯವಾಗಲಿ, ಗೃಹಸ್ಥನಾದವನು ವಿಚಾರಮಾಡಿಯೇ ತೀರಬೇಕು. ನಮ್ಮ ಮನೆತನದಲ್ಲಿ ಅಂಥದೊಂದು ವಿಚಾರ ಎದ್ದು, ಎರಡು ತಿಂಗಳ ಕಾಲ ನಮ್ಮನ್ನು ಶ್ರೀರಂಗಪಟ್ಟಣದಿಂದ ಕೃಷ್ಣರಾಜಪೇಟೆಗೆ, ಅಲ್ಲಿಂದ ನಾಗಮಂಗಲಕ್ಕೆ, ಕಡೆಗೆ ಬೆಂಗಳೂರಿಗೆ ಅಲೆದಾಡಿಸಿತು. ಅದರಲ್ಲಿ ನಾನು ಕಲಿತದ್ದನ್ನು ಇಲ್ಲಿ ಅರಿಕೆಮಾಡುತ್ತೇನೆ.

ನನ್ನ ತಂಗಿಯನ್ನು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕಡೆಗೆ ಕೊಟ್ಟಿದೆ. ಭಾವನವರು ಒಕ್ಕಲುತನದವರು, ಒಂದಿಷ್ಟು ಕಬ್ಬು, ಒಂದಿಷ್ಟು ತೆಂಗು. ಅವರ ಮಗಳು ಇಪ್ಪತ್ತರ ಹುಡುಗಿ, ಮೈಸೂರಿನಲ್ಲಿ ಓದುತ್ತಾಳೆ. ಹೈಸ್ಕೂಲಿನಲ್ಲಿದ್ದಾಗಲೇ ಯಾರದೋ ಹಳೆಯ ಗಿಟಾರನ್ನು ಎರವಲು ತಂದು ಕಲಿಯತೊಡಗಿದವಳು, ಈಗ ಗೌರಿಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಮುಂತಾದ ಸಂದರ್ಭಗಳಲ್ಲಿ ವಾದ್ಯಗೋಷ್ಠಿಯೊಂದರ ಜೊತೆಯಲ್ಲಿ ನುಡಿಸಿ, ತನ್ನ ಕಾಲೇಜಿನ ಖರ್ಚಿನ ಒಂದು ಭಾಗವನ್ನು ತಾನೇ ದುಡಿದುಕೊಳ್ಳುತ್ತಿದ್ದಾಳೆ. ಎರವಲು ವಾದ್ಯವನ್ನು ಅದರ ಒಡೆಯನು ಹಿಂದಕ್ಕೆ ಕೇಳಿದನು. ಕಬ್ಬಿನ ಹಣ ಬಂದಿತ್ತು, ಅದರಲ್ಲಿ ಎಂಬತ್ತು ಸಾವಿರವನ್ನು ತೆಗೆದಿಟ್ಟು ಭಾವನವರು ನನಗೆ ಹೇಳಿಕಳುಹಿಸಿದರು: "ಹಣ ನನ್ನದು, ಬುದ್ಧಿ ನಿಮ್ಮದು. ಮೋಸ ಹೋಗದಂತೆ ನೋಡಿಕೊಳ್ಳಿ."

ಈ ಮಾತು ನನ್ನನ್ನು ಚುಚ್ಚಿತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅದಕ್ಕೆ ಕಾರಣವುಂಟು. 1988ರಲ್ಲಿ, ನಾನು ಪಾಂಡವಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಹೊಸದಾಗಿ ಉಪಾಧ್ಯಾಯನಾದಾಗ, ವೀಣೆ ಕಲಿಯುತ್ತಿದ್ದ ಇದೇ ತಂಗಿಗೆ ನನ್ನ ಮೊದಲ ವರ್ಷದ ಸಂಬಳದಲ್ಲಿ ಉಳಿಸಿದ ಹಣದಿಂದ ಒಂದು ವೀಣೆಯನ್ನು ಕೊಂಡುಕೊಟ್ಟೆನು. ಅವಳು ನೋಡಿ ಒಪ್ಪಿದ್ದು ಮೈಸೂರಿನ ಕಡೆಯ ಒಂದು ಹಗುರವಾದ ವೀಣೆಯನ್ನು. ಮಾರುವಾತನಾದರೋ ಇನ್ನೊಂದನ್ನು ತೋರಿಸಿ, ಇದು ತಂಜಾವೂರಿನದು, ಏಕಾಂಡ ವೀಣೆ, ಒಂದೇ ಹಲಸಿನ ದಿಮ್ಮಿಯಲ್ಲಿ ಕೆತ್ತಿದ್ದು, ನಾದವನ್ನು ಕೇಳಿ ಎಂದನು. ನಾನು ಕೇಳಿದೆನು, ಮರುಳಾದೆನು, ಊರಿನ ಹೆಸರಿಗೆ ಇನ್ನೂ ಹೆಚ್ಚಾಗಿ ಮರುಳಾದೆನು. ಅದು ತಂಜಾವೂರಿನದಲ್ಲವೆಂದೂ, ಎರಡು ತುಂಡುಗಳನ್ನು ಅಂಟಿಸಿ ಮೇಲೆ ಬಣ್ಣ ಬಳಿದದ್ದೆಂದೂ ತಿಳಿದದ್ದು ಮೂರು ವರ್ಷಗಳ ಮೇಲೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಆ ದಂಡಿಯ ಗಾತ್ರ ಅವಳ ಎಡಗೈಗೆ ಹೊಂದಲೇ ಇಲ್ಲ. ಅವಳು ಬಾಯಿಬಿಟ್ಟು ಹೇಳಲಿಲ್ಲ. ಅಣ್ಣ ಕೊಡಿಸಿದ್ದೆಂದು ಎರಡು ವರ್ಷ ನುಡಿಸಿದಳು. ಮದುವೆಯಾಗಿ ಹೋದ ಮೇಲೆ ಬಿಟ್ಟುಬಿಟ್ಟಳು. ಅವರ ಮನೆಯ ನಡುಮನೆಯಲ್ಲಿ ಆ ವೀಣೆ ಬಟ್ಟೆಯ ಗವುಸಿನೊಳಗೆ ಗೋಡೆಗೆ ಒರಗಿಕೊಂಡಿದೆ. ಹೋದಾಗಲೆಲ್ಲ ನಾನು ಅದಕ್ಕೆ ಬೆನ್ನುಮಾಡಿ ಕುಳಿತುಕೊಳ್ಳುವ ಅಭ್ಯಾಸ.

ಇರಲಿ, ಪ್ರಕೃತಕ್ಕೆ ಬರೋಣ. ಹುಡುಗಿ ಕೇಳಿದ್ದು "ಸಿಂಗಲ್ ಕಟ್" ಎಂಬ ಜಾತಿಯ ಗಿಟಾರನ್ನು. ಗಿಟಾರಿನ ದಂಡಿ ಒಡಲನ್ನು ಸೇರುವ ಎಡೆಯಲ್ಲಿ, ಕೆಳಬದಿಯಲ್ಲಿ ಮಾತ್ರ ಬಾಳೆಯೆಲೆಯ ತುದಿಯನ್ನು ಕೊಯ್ದಂತೆ ಒಂದು ಕಡೆ ಕೊಯ್ದಿರುತ್ತಾರೆ. ತಾರಸ್ಥಾಯಿಯ ಮೆಟ್ಟಿಲುಗಳಿಗೆ ಬೆರಳು ಸಲೀಸಾಗಿ ತಲುಪಲೆಂಬುದು ಇದರ ಉದ್ದೇಶ. ಎರಡು ಬದಿಯನ್ನೂ ಕೊಯ್ದರೆ ಅದು ಬೇರೆ ಜಾತಿ. ನಾನು ಇದಕ್ಕೆ ಏಕಚ್ಛೇದವೆಂದು ಹೆಸರಿಟ್ಟೆನು, ಸೊಸೆ ನಕ್ಕಳು, ಆದರೂ ಈ ಲೇಖನದ ಮಟ್ಟಿಗೆ ಹಾಗೆಯೇ ಕರೆಯುತ್ತೇನೆ. ಗಿಟಾರ್ ಎಂಬ ಶಬ್ದವೇ ನಮ್ಮ 'ಚತುಸ್ತಾರ'ದಿಂದ ಬಂದಿತೆಂದು ವಾದಿಸುವವರನ್ನು ಕಂಡಿದ್ದೇನೆ. ಸಂಸ್ಕೃತದ ಮೇಲಿನ ಅಭಿಮಾನ ನನಗೂ ಇದೆ. ಆದರೆ ಈ ವ್ಯುತ್ಪತ್ತಿ ನಿಲ್ಲತಕ್ಕದ್ದಲ್ಲ. ಗ್ರೀಕರ 'ಕಿಥಾರ'ವೆಂಬ ತಂತೀವಾದ್ಯದ ಹೆಸರು ಅರಬ್ಬರ ಬಾಯಲ್ಲಿಯೂ ಸ್ಪೇನಿನವರ ಬಾಯಲ್ಲಿಯೂ ಹಾಯ್ದು ಹೀಗಾಯಿತು.

ಪರದೇಶದ ವಾದ್ಯ ನಮಗೇಕೆಂಬ ಪ್ರಶ್ನೆಯನ್ನು ಮನೆಯ ಹಿರಿಯರೊಬ್ಬರು ಎತ್ತಿದರು. ಪಿಟೀಲು ನಮ್ಮ ಸಂಗೀತಕ್ಕೆ ಬಂದದ್ದು ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ. ಈಗ ಅದಿಲ್ಲದೆ ಕಚೇರಿಯೇ ಇಲ್ಲ. ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಗಮಕಗಳನ್ನು ಕೇಳಿಸಿದ ಯು. ಶ್ರೀನಿವಾಸರನ್ನು (1969–2014) ನಾವೇ ಕೇಳಿದ್ದೇವೆ. ನಮ್ಮ ಪಟ್ಟಣದ ಮಾತನ್ನೇ ತೆಗೆದುಕೊಂಡರೆ, ಟಿಪ್ಪುವಿಗಾಗಿ ಮಾಡಿದ ಮರದ ಹುಲಿಯ ಹೊಟ್ಟೆಯಲ್ಲಿ ಪಾಶ್ಚಾತ್ಯ ರೀತಿಯ ಪುಟ್ಟ ಆರ್ಗನ್ನೊಂದು ಅಡಗಿತ್ತು. 1799ರಲ್ಲಿ ಕೋಟೆ ಬಿದ್ದ ಮೇಲೆ ಅದನ್ನು ಲಂಡನ್ನಿಗೆ ಸಾಗಿಸಿದರು, ಈಗಲೂ ಅಲ್ಲಿನ ವಿಕ್ಟೋರಿಯಾ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಇಷ್ಟು ಹೇಳಿದ ಮೇಲೆ ಹಿರಿಯರು ಸುಮ್ಮನಾದರು. ಒಪ್ಪಿದರೋ ಬೇಸತ್ತರೋ ತಿಳಿಯದು.

ಇನ್ನು ಹೆಸರುಗಳ ವಿಚಾರ. ಹುಡುಗಿಯ ಬಾಯಲ್ಲಿ ನಾಲ್ಕು ಹೆಸರುಗಳು ಸುಳಿದಾಡುತ್ತಿದ್ದುವು: ಗಿಬ್ಸನ್, ಎಪಿಫೋನ್, ಪಿ.ಆರ್.ಎಸ್., ಫೆಂಡರ್. ಇವುಗಳ ಪೂರ್ವೋತ್ತರವನ್ನು ತಿಳಿಯದೆ ಕ್ರಯವನ್ನು ಕೇಳಬಾರದೆಂದು ನಾನು ಕೆಲವು ದಿನ ಓದಿದೆನು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ ಎಂಬಾತನು 1950ರಲ್ಲಿ ಗಟ್ಟಿಮರದ ಏಕಚ್ಛೇದ ಗಿಟಾರೊಂದನ್ನು ಮಾರುಕಟ್ಟೆಗೆ ತಂದನು. ಮರುವರ್ಷ ಅದಕ್ಕೆ ಟೆಲಿಕ್ಯಾಸ್ಟರ್ ಎಂಬ ಹೆಸರು ನಿಂತಿತು. ತಮಾಷೆಯೆಂದರೆ ಈತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಗಿಬ್ಸನ್ ಕಂಪೆನಿಯವರು 1952ರಲ್ಲಿ, ಲೆಸ್ ಪಾಲ್ (1915–2009) ಎಂಬ ಪ್ರಸಿದ್ಧ ವಾದಕನ ಹೆಸರನ್ನೇ ಇಟ್ಟು, ಮಹಾಗನಿ ಮರದ ಒಡಲಿಗೆ ಮೇಪಲ್ ಮರದ ಮುಚ್ಚಳವನ್ನು ಕೂರಿಸಿದ ತಮ್ಮ ಏಕಚ್ಛೇದವನ್ನು ಹೊರಡಿಸಿದರು. 1961ರಲ್ಲಿ ಆ ಆಕಾರವನ್ನೇ ಕೈಬಿಟ್ಟರು. ಜನ ಹಳೆಯದನ್ನೇ ಹುಡುಕಿ ಹುಡುಕಿ ಕೊಳ್ಳುತ್ತಿರುವುದನ್ನು ಕಂಡು 1968ರಲ್ಲಿ ಮತ್ತೆ ತಂದರು. ಎಪಿಫೋನ್ ಎಂಬುದು ಮೊದಲು ಗ್ರೀಕ್ ಮೂಲದ ಒಂದು ಮನೆತನದ ಬೇರೆಯೇ ಕಂಪೆನಿ. 1957ರಲ್ಲಿ ಗಿಬ್ಸನ್ನಿನ ಒಡೆಯರ ಕೈಸೇರಿತು. ಈಗ ಗಿಬ್ಸನ್ನಿನ ಆಕಾರವನ್ನೇ ಸಾಮಾನ್ಯರ ಕೈಗೆಟುಕುವ ಬೆಲೆಗೆ ಕೊಡುವುದು ಅದರ ಕೆಲಸ. ಪಿ.ಆರ್.ಎಸ್. ಎಂಬುದು ಇವರೆಲ್ಲರಿಗಿಂತ ಕಿರಿಯದು. ಪಾಲ್ ರೀಡ್ ಸ್ಮಿತ್ ಎಂಬ ಕುಶಲಿಯು ಮೇರಿಲೆಂಡಿನಲ್ಲಿ 1985ರಲ್ಲಿ ಸ್ಥಾಪಿಸಿದ್ದು.

ಈ ಕಿರಿಯನು 2000ದಲ್ಲಿ ತನ್ನದೊಂದು ಏಕಚ್ಛೇದವನ್ನು ಹೊರಡಿಸಿದಾಗ ಗಿಬ್ಸನ್ನಿನವರು ನ್ಯಾಯಾಲಯಕ್ಕೆ ಹೋದರು. ಆ ಆಕಾರವೇ ತಮ್ಮ ಮುದ್ರೆಯೆಂಬುದು ಅವರ ವಾದ. 2004ರಲ್ಲಿ ಕೆಳಗಿನ ನ್ಯಾಯಾಲಯವು ಅದನ್ನು ಒಪ್ಪಿ ಪಿ.ಆರ್.ಎಸ್.ನವರ ತಯಾರಿಕೆಯನ್ನು ನಿಲ್ಲಿಸಿತು. 2005ರಲ್ಲಿ ಮೇಲಿನ ನ್ಯಾಯಾಲಯವು ಆ ತೀರ್ಪನ್ನು ತಿರುಗಿಸಿತು. 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ಎತ್ತಿಕೊಳ್ಳಲು ನಿರಾಕರಿಸಿತು. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡುವವನು ಒಂದನ್ನು ಇನ್ನೊಂದೆಂದು ಭ್ರಮಿಸನೆಂಬುದನ್ನು ಗಿಬ್ಸನ್ನಿನವರೇ ಒಪ್ಪಿಕೊಂಡಿದ್ದರಂತೆ. ಹೊಗೆ ತುಂಬಿದ ಪಾನಗೃಹದಲ್ಲಿ ದೂರದಿಂದ ರಂಗವನ್ನು ನೋಡುವವನಿಗೆ ಭ್ರಮೆಯಾದೀತೆಂಬುದು ಅವರ ವಾದದಲ್ಲಿ ಉಳಿದಿದ್ದ ಎಳೆ. ರಜ್ಜುಸರ್ಪನ್ಯಾಯವನ್ನು ಓದಿದ ನಮ್ಮವರು ಇದನ್ನು ಕೇಳಿದರೆ ಸಂತೋಷಪಡುವರು. ಹಗ್ಗವನ್ನು ಹಾವೆಂದು ತಿಳಿಯಲು ಮಂದವಾದ ಬೆಳಕು ಬೇಕೇ ಬೇಕು; ದೀಪ ತಂದವನಿಗೆ ಆ ಭಯವಿಲ್ಲ. ಕೊಳ್ಳುವವನು ದೀಪವನ್ನು ತರತಕ್ಕದ್ದು.

ದೀಪ ತಂದು ನೋಡಿದರೆ ಏನು ಕಾಣುತ್ತದೆ? ಮೊದಲನೆಯದಾಗಿ, ತಲೆಯ ಮೇಲೆ ಬರೆದ ಹೆಸರು ಒಂದು, ಮಾಡಿದ ಕೈ ಇನ್ನೊಂದು. ನಮ್ಮ ಹಣಕ್ಕೆ ದೊರೆಯುವ ಮಾದರಿಗಳು ಅಮೆರಿಕದಲ್ಲಿ ಮಾಡಿದುವಲ್ಲ. ಎಪಿಫೋನಿನವು ಬಹುಮಟ್ಟಿಗೆ ಚೀನಾದಲ್ಲಿ ತಯಾರಾಗುತ್ತವೆ. ಪಿ.ಆರ್.ಎಸ್.ನ 'ಎಸ್.ಇ.' ಎಂಬ ಅಗ್ಗದ ವರ್ಗದವನ್ನು ಮೊದಲು ಕೊರಿಯಾದಲ್ಲಿ ಮಾಡಿಸುತ್ತಿದ್ದರು. 2019ರಿಂದೀಚೆಗೆ ಇಂಡೋನೇಷ್ಯದಲ್ಲಿ ಕಾರ್ಟೆಕ್ ಎಂಬ ಕೊರಿಯದ ಕಂಪೆನಿಯ ಕಾರ್ಖಾನೆ ಅವನ್ನು ಮಾಡಿಕೊಡುತ್ತಿದೆ. ಆ ಕಂಪೆನಿಯೇ ಕಾರ್ಟ್ ಎಂಬ ತನ್ನ ಸ್ವಂತ ಹೆಸರಿನಿಂದಲೂ ಗಿಟಾರುಗಳನ್ನು ಮಾರುತ್ತದೆ. ಒಂದೇ ಅಡುಗೆಯ ಮನೆಯಿಂದ ಬೇರೆ ಬೇರೆ ಮನೆಗಳ ಛತ್ರಕ್ಕೆ ಊಟ ಹೋದಂತೆ. ಇದರಿಂದ ಎಲ್ಲವೂ ಸಮವೆಂದು ಹೇಳಲಾಗದು. ಮಾಡಿಸುವವನು ಹೇಳಿದ ಅಳತೆ, ಕೊಟ್ಟ ಸಾಮಗ್ರಿ, ಪರೀಕ್ಷೆಯ ಕಟ್ಟುನಿಟ್ಟು ಬೇರೆಬೇರೆ. ಆದರೆ ವಂಶವನ್ನು ಹೇಳಿಕೊಂಡು ಜಗಳವಾಡುವ ಹುಡುಗರ ವಾದದಲ್ಲಿ ಅರ್ಧ ಗಾಳಿ.

ಎರಡನೆಯದಾಗಿ ಮರ. ಇಲ್ಲಿ ನನಗೆ ಒಂದು ಕೌತುಕ ಕಾದಿತ್ತು. ಗಿಟಾರಿನ ದಂಡಿಯ ಮೇಲೆ ಬೆರಳಾಡುವ ಹಲಗೆಗೆ ಜಗತ್ತಿನವರು ಬಹುಕಾಲದಿಂದ ಬಯಸುತ್ತಿರುವ ಮರಗಳಲ್ಲಿ ನಮ್ಮ ಬೀಟೆಯೂ ಒಂದು; ಮೈಸೂರಿನ ಕುಸುರಿ ಕೆಲಸದ ಪೆಟ್ಟಿಗೆಗಳಿಗೆ ಉಪಯೋಗಿಸುವ ಬೀಟೆಯೇ. ಇದರ ದೆಸೆಯಿಂದ ಅಮೆರಿಕದಲ್ಲಿ ದೊಡ್ಡ ಗಲಾಟೆಯೇ ನಡೆಯಿತು. 2011ರ ಆಗಸ್ಟಿನಲ್ಲಿ ಸರ್ಕಾರದವರು ಗಿಬ್ಸನ್ನಿನ ಕಾರ್ಖಾನೆಗಳನ್ನು ಶೋಧಿಸಿ, ಭಾರತದಿಂದ ಹೋಗಿದ್ದ ಬೀಟೆ ಮತ್ತು ಕರಿಮರದ ಹಲಗೆಗಳನ್ನು ಹಿಡಿದರು. ಅದಕ್ಕೆ ಹಿಂದೆ 2009ರಲ್ಲಿ ಮಡಗಾಸ್ಕರಿನ ಕರಿಮರಕ್ಕಾಗಿ ಹಿಡಿದಿದ್ದರು. 2012ರಲ್ಲಿ ಗಿಬ್ಸನ್ನಿನವರು ಮೂರು ಲಕ್ಷ ಡಾಲರು ದಂಡವನ್ನು ತೆತ್ತು ರಾಜಿಯಾದರು. ಅರ್ಧ ಕೆಲಸವಾದ ಹಲಗೆಯನ್ನು ನಮ್ಮ ದೇಶದ ಕಾನೂನು ಹೊರಕ್ಕೆ ಬಿಡುತ್ತದೆಯೇ ಇಲ್ಲವೇ ಎಂಬ ಬಗ್ಗೆ ಸ್ಪಷ್ಟತೆಯಿಲ್ಲವೆಂದು ಒಪ್ಪಿ, ಭಾರತದ ಮರವನ್ನು ಹಿಂದಕ್ಕೆ ಕೊಟ್ಟರು. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲಕ್ಕೂ ಅಂತರರಾಷ್ಟ್ರೀಯ ಕಟ್ಟುಪಾಡು ಬಂದಾಗ ಹಲವು ಕಂಪೆನಿಗಳು ಬೇರೆ ಮರಗಳಿಗೆ ತಿರುಗಿದುವು. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಎಪಿಫೋನಿನ ಕೆಲವು ಮಾದರಿಗಳ ಹಲಗೆ 'ಇಂಡಿಯನ್ ಲಾರೆಲ್' ಎಂದು ಬರೆದಿರುವುದನ್ನು ಕಂಡು ಇದಾವ ದಿವ್ಯವೃಕ್ಷವೆಂದು ಹುಡುಕಿದರೆ, ಅದು ನಮ್ಮ ಮತ್ತಿಯ ಮರ! ಮತ್ತಿಯ ತೊಲೆಗಳ ಕೆಳಗೆ ಮಲಗಿ ಬೆಳೆದ ಭಾವನವರಿಗೆ ಇದನ್ನು ಹೇಳಿದಾಗ, "ಹಾಗಾದರೆ ನಮ್ಮ ಹಳೆಯ ಅಟ್ಟವನ್ನು ಕಿತ್ತು ಕಳುಹಿಸಿ, ಕ್ರಯದಲ್ಲಿ ಮುರಿದುಕೊಳ್ಳುತ್ತಾರೆಯೋ ಕೇಳಿ" ಎಂದರು. ಹಲಗೆ ಬೀಟೆಯೋ ಮತ್ತಿಯೋ ಎಂಬುದರಿಂದ ನಾದದಲ್ಲಾಗುವ ಅಂತರವನ್ನು ನನ್ನ ಕಿವಿಯಂತೂ ಹಿಡಿಯಲಿಲ್ಲ. ಮರ ಒಣಗಿದೆಯೇ, ಮೆಟ್ಟಿಲುಗಳ ತುದಿ ಹೊರಚಾಚಿ ಕೈಗೆ ಗೀರುತ್ತದೆಯೇ ಎಂಬುದು ಮುಖ್ಯ.

ಇಷ್ಟು ಪುಸ್ತಕದ ಜ್ಞಾನದೊಡನೆ ನಾವು ನಾಗಮಂಗಲಕ್ಕೆ ಹೋದೆವು. ಅಲ್ಲಿ ನನ್ನ ಸಹಪಾಠಿಯ ತಮ್ಮನೊಬ್ಬರು ಮೂವತ್ತು ವರ್ಷ ವಾದ್ಯಗೋಷ್ಠಿಗಳಲ್ಲಿ ಗಿಟಾರ್ ನುಡಿಸಿ ಈಗ ವಿಶ್ರಾಂತಿಯಲ್ಲಿದ್ದಾರೆ. ಸೌಮ್ಯಕೇಶವನ ಗುಡಿಯ ಹಿಂದಿನ ಬೀದಿಯಲ್ಲಿ ಅವರ ಮನೆ. ಅವರು ಹೆಸರುಗಳನ್ನು ಕೇಳಲೇ ಇಲ್ಲ. ಮೊದಲು ಕೇಳಿದ್ದು, "ಮಗು, ನೀನು ಎಲ್ಲಿ ನುಡಿಸುತ್ತೀಯೆ? ಹೇಗೆ ಹೋಗುತ್ತೀಯೆ?" ಎಂದು. ಹಳ್ಳಿಯ ಪೆಂಡಾಲುಗಳಲ್ಲಿ, ಹೋಗುವುದು ಬಸ್ಸಿನಲ್ಲಿ ಎಂದು ಇವಳು ಹೇಳಿದಳು. "ಹಾಗಾದರೆ ಕೇಳು" ಎಂದು ಅವರು ಹೇಳಿದ ಮಾತುಗಳು ನಾನು ಓದಿದ್ದೆಲ್ಲಕ್ಕಿಂತ ಬೆಲೆಯುಳ್ಳವು.

ವಿದ್ಯುತ್ ಗಿಟಾರಿಗೆ ವೀಣೆಯಂತೆ ಕೊಡವಿಲ್ಲ. ಉಕ್ಕಿನ ತಂತಿ ಮಿಡಿದಾಗ, ಅದರ ಕೆಳಗಿನ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಎಳೆಯಲ್ಲಿ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಕೇಳಿಸುತ್ತಾರೆ. ಈ ಸುರುಳಿಗೆ ಪಿಕಪ್ಪೆಂದು ಹೆಸರು. ಒಂಟಿ ಸುರುಳಿಯಾದರೆ ಅದು ತಂತಿಯ ಮಿಡಿತವನ್ನು ಮಾತ್ರವಲ್ಲದೆ, ಸುತ್ತಲಿನ ದೀಪದ ಸರಗಳು, ಜನರೇಟರು, ಮಂದಮಾಡುವ ಸ್ವಿಚ್ಚುಗಳು ಇವುಗಳ ಗುಂಯ್ಗುಟ್ಟುವಿಕೆಯನ್ನೂ ಹೀರಿಕೊಳ್ಳುತ್ತದೆ. ಪಾಂಡವಪುರದ ಗಣೇಶನ ಪೆಂಡಾಲಿನಲ್ಲಿ ಹುಡುಗನೊಬ್ಬನು ಒಂಟಿ ಸುರುಳಿಯ ಗಿಟಾರನ್ನು ಹಿಡಿದು ನಿಂತಾಗ, ಹಾಡು ನಿಂತಲ್ಲೆಲ್ಲ ಜೇನುಗೂಡು ಎದ್ದಂತೆ ಶಬ್ದವಾದುದನ್ನು ನಾನೇ ಕೇಳಿದ್ದೆನು. ಕಾರಣ ಈಗ ತಿಳಿಯಿತು. ಇದಕ್ಕೆ ಪರಿಹಾರವಾಗಿ, ಗಿಬ್ಸನ್ನಿನಲ್ಲಿದ್ದ ಸೆತ್ ಲವರ್ ಎಂಬಾತನು 1950ರ ದಶಕದಲ್ಲಿ ಎರಡು ಸುರುಳಿಗಳನ್ನು ಅಕ್ಕಪಕ್ಕದಲ್ಲಿ, ಸುತ್ತೂ ಅಯಸ್ಕಾಂತದ ಮುಖವೂ ವಿರುದ್ಧವಾಗಿರುವಂತೆ ಜೋಡಿಸಿದನು. 1957ರಿಂದ ಲೆಸ್ ಪಾಲ್ ಗಿಟಾರಿನಲ್ಲಿ ಅದು ಬಂದಿತು. ಹೊರಗಿನ ಗುಂಯ್ಗುಟ್ಟುವಿಕೆ ಎರಡರಲ್ಲಿಯೂ ವಿರುದ್ಧವಾಗಿ ಬಂದು ಅಳಿಸಿಹೋಗುತ್ತದೆ. ತಂತಿಯ ನಾದವಾದರೋ ಎರಡು ನಿಷೇಧ ಸೇರಿ ವಿಧಿಯಾದಂತೆ ಕೂಡಿಕೊಂಡು ಇಮ್ಮಡಿಯಾಗುತ್ತದೆ. ಹಳ್ಳಿಯ ಪೆಂಡಾಲಿಗೆ ಜೋಡಿ ಸುರುಳಿಯೇ ಸರಿಯೆಂಬುದು ಅವರ ತೀರ್ಮಾನ. ಟೆಲಿಕ್ಯಾಸ್ಟರಿನ ಸಾಂಪ್ರದಾಯಿಕ ಮಾದರಿ ಹೀಗೆ ನಮ್ಮ ಪಟ್ಟಿಯಿಂದ ಬಿದ್ದುಹೋಯಿತು. ಮನೆಯಲ್ಲಿಯೂ ಧ್ವನಿಮುದ್ರಣದ ಕೋಣೆಯಲ್ಲಿಯೂ ನುಡಿಸುವವರಿಗೆ ಅದರ ಸ್ಫುಟವಾದ ದನಿಯೇ ಪ್ರಿಯವಾದೀತು, ನಮಗಲ್ಲ.

ಆದರೆ ಟೆಲಿಕ್ಯಾಸ್ಟರಿನ ಪಕ್ಷದಲ್ಲಿ ಅವರೇ ಒಂದು ಮಾತನ್ನು ಹೇಳಿದರು. ಅದರ ದಂಡಿಯನ್ನು ತಿರುಪುಮೊಳೆಗಳಿಂದ ಬಿಗಿದಿರುತ್ತಾರೆ. ತಲೆಯ ಭಾಗ ದಂಡಿಗೆ ಸಮನಾಗಿ ಚಪ್ಪಟೆಯಾಗಿರುತ್ತದೆ. ಬಿದ್ದರೂ ಉಳಿಯುತ್ತದೆ, ಕೆಟ್ಟರೆ ದಂಡಿಯನ್ನೇ ಬದಲಾಯಿಸಬಹುದು. ಲೆಸ್ ಪಾಲ್ ಮಾದರಿಯಲ್ಲಿ ದಂಡಿಯನ್ನು ಒಡಲಿಗೆ ಅಂಟಿಸಿ ಸೇರಿಸಿರುತ್ತಾರೆ. ತಲೆ ಹಿಂದಕ್ಕೆ ಬಾಗಿರುತ್ತದೆ. ಗಿಬ್ಸನ್ನಿನಲ್ಲಿ ಸಾಮಾನ್ಯವಾಗಿ ಹದಿನೇಳು ಡಿಗ್ರಿ. ಅದರ ಬುಡದಲ್ಲಿಯೇ ಒಳಗಿನ ಕಂಬಿಯನ್ನು ತಿರುಗಿಸಲು ಮರವನ್ನು ತೋಡಿರುವುದರಿಂದ, ಹಿಂದಕ್ಕೆ ಬಿದ್ದರೆ ಕೊರಳು ಮುರಿಯುವ ಅಪಾಯ ಈ ಆಕೃತಿಗೆ ಹುಟ್ಟುಗುಣ. ಅವರ ಹಳೆಯ ಗಿಟಾರೊಂದು (ಯಾರು ಮಾಡಿದ್ದೆಂಬುದು ಬೇಡ) ಬೆಳ್ಳೂರಿನ ಹತ್ತಿರ ಬಸ್ಸು ಗಕ್ಕನೆ ನಿಂತಾಗ ಮೇಲಿನ ಕಟಾಂಜನದಿಂದ ಉರುಳಿ ಹಾಗೆ ಮುರಿದಿತ್ತಂತೆ. ಅಂಟಿಸಿಕೊಂಡು ಹತ್ತು ವರ್ಷ ನುಡಿಸಿದರು. "ಗಿಟಾರಿಗೆ ಅರವತ್ತು ಸಾವಿರ ಕೊಟ್ಟು ಬಟ್ಟೆಯ ಚೀಲಕ್ಕೆ ಆರುನೂರು ಕೊಡುವವರು ಮೂರ್ಖರು; ಗಟ್ಟಿಪೆಟ್ಟಿಗೆ ಮೊದಲು" ಎಂದರು. ಆ ಒಂದು ಮಾತಿನಿಂದ ನಮ್ಮ ಎಂಬತ್ತು ಸಾವಿರದಲ್ಲಿ ಪೆಟ್ಟಿಗೆಯ ಹಣ ಮೊದಲೇ ಕಳೆಯಿತು. ಅಮೆರಿಕದಲ್ಲಿ ಮಾಡಿದ ಗಿಬ್ಸನ್ ಲೆಸ್ ಪಾಲ್ ಸ್ಟ್ಯಾಂಡರ್ಡ್ ಎರಡು ಲಕ್ಷಕ್ಕೂ ಮೇಲಿನ ಮಾತು. ಅದರ ಹೆಸರನ್ನು ನಾವು ಅಲ್ಲಿಗೆ ಬಿಟ್ಟೆವು. ಇನ್ನುಳಿದವು ಎಪಿಫೋನಿನ ಲೆಸ್ ಪಾಲ್, ಪಿ.ಆರ್.ಎಸ್.ನ ಎಸ್.ಇ. ಏಕಚ್ಛೇದ.

ಹೊರಡುವಾಗ ಅವರು ಹುಡುಗಿಯ ಬಲಗೈಯನ್ನು ಹಿಡಿದು ಇನ್ನೊಂದು ಮಾತನ್ನು ಹೇಳಿದರು. ಅದನ್ನು ಮಕ್ಕಳ ಕೈಗೆ ಈ ವಾದ್ಯವನ್ನು ಕೊಡುವ ತಾಯಿತಂದೆಗಳೆಲ್ಲರೂ ಓದಬೇಕು. ವಿದ್ಯುತ್ ಗಿಟಾರಿನ ತಂತಿಗಳು ಕುದುರೆಯ ಮೂಲಕ ಆಂಪ್ಲಿಫಯರಿನ ಭೂಸಂಪರ್ಕಕ್ಕೆ ಸೇರಿರುತ್ತವೆ. ಪೆಂಡಾಲಿನಲ್ಲಿ ಆಂಪ್ಲಿಫಯರಿಗೆ ಒಂದು ಕಡೆಯಿಂದ, ಮೈಕಿಗೆ ಇನ್ನೊಂದು ಕಡೆಯಿಂದ ವಿದ್ಯುತ್ತನ್ನು ಎಳೆದು, ಅವುಗಳಲ್ಲಿ ಯಾವುದಕ್ಕಾದರೂ ಸರಿಯಾದ ಭೂಸಂಪರ್ಕವಿಲ್ಲದಿದ್ದರೆ, ಕೈ ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಗಲಿದೊಡನೆ ದೇಹದ ಮೂಲಕ ವಿದ್ಯುತ್ತು ಹರಿಯುತ್ತದೆ. ಅವರೇ ಒಮ್ಮೆ ಹಾಗೆ ರಂಗದ ಮೇಲಿಂದ ಉರುಳಿಬಿದ್ದಿದ್ದರು. ಸುತ್ತಲೂ ಮಳೆ ಬಿದ್ದ ನೆಲ. ಮೂರನೆಯ ಕಡ್ಡಿಯನ್ನು ಮುರಿದು ಎರಡು ತೂತಿಗೆ ಸಿಕ್ಕಿಸುವ ನಮ್ಮ ಊರುಗಳ ಅಭ್ಯಾಸವನ್ನು ಅವರು ಬೈದ ಬಗೆಯನ್ನು ಇಲ್ಲಿ ಬರೆಯಲಾಗದು. ಹತ್ತಿಪ್ಪತ್ತು ರೂಪಾಯಿ ಉಳಿಸಲು ಪ್ರಾಣವನ್ನು ಪಣವಿಡುವವರು ನಾವು. ಟೆಸ್ಟರಿನಿಂದ ಮೈಕನ್ನೂ ತಂತಿಯನ್ನೂ ಮುಟ್ಟಿ ನೋಡದೆ ರಂಗವನ್ನು ಹತ್ತಬಾರದು. ರಂಗದ ವಿದ್ಯುತ್ತೆಲ್ಲ, ಸೋರಿಕೆಯಾದೊಡನೆ ತಾನಾಗಿ ಕಡಿದುಹೋಗುವ ಸ್ವಿಚ್ಚಿನ ಮೂಲಕವೇ ಬರಬೇಕು. ಹುಡುಗಿ ಅಂದೇ ಒಂದು ಟೆಸ್ಟರನ್ನು ಕೊಂಡಳು. ಗಿಟಾರಿಗಿಂತ ಮುಂಚೆ ಕೊಂಡ ಸಾಮಾನು ಅದು.

ಬೆಂಗಳೂರಿಗೆ ನಾವು ಮೂವರು ಹೋದೆವು: ಹುಡುಗಿ, ಅವಳ ತಾಯಿ, ನಾನು. ಬಾಳೆಯ ಗೊನೆಯನ್ನು ತೂಗುವ ಕೊಕ್ಕೆಯ ತಕ್ಕಡಿಯನ್ನು ನಾನು ಚೀಲದಲ್ಲಿ ಇಟ್ಟುಕೊಂಡಿದ್ದೆನು. ಅಂಗಡಿಯ ಹುಡುಗರು ಅದನ್ನು ಕಂಡು ಮುಸಿಮುಸಿ ನಕ್ಕರು. ಆದರೆ ಅದು ವ್ಯರ್ಥವಾಗಲಿಲ್ಲ. ಒಂದೇ ಹೆಸರು, ಒಂದೇ ಮಾದರಿ, ಒಂದೇ ಬಣ್ಣದ ಎರಡು ಎಪಿಫೋನುಗಳಲ್ಲಿ ಒಂದು ನಾಲ್ಕು ಕಿಲೋ ಇನ್ನೂರು ಗ್ರಾಮು, ಇನ್ನೊಂದು ಮೂರು ಕಿಲೋ ಎಂಟುನೂರು. ಮರವಾದ ಮೇಲೆ ಹಾಗೆಯೇ. ಒಂದೇ ತೋಟದ ಎರಡು ತೆಂಗಿನಕಾಯಿಗಳ ತೂಕ ಒಂದೇ ಇರುವುದಿಲ್ಲ. ಮೂರು ಗಂಟೆ ನಿಂತು ನುಡಿಸುವವಳ ಎಡಭುಜಕ್ಕೆ ಆ ನಾನೂರು ಗ್ರಾಮು ಸಣ್ಣದಲ್ಲ. ಪಿ.ಆರ್.ಎಸ್.ನ ಎಸ್.ಇ. 245 ಎಂಬುದು ಮೂರು ಕಿಲೋ ಏಳುನೂರು ತೂಗಿತು. ಆದುದರಿಂದ ಮಾದರಿಯ ಹೆಸರನ್ನು ಹೇಳಿ ಅಂಚೆಯಲ್ಲಿ ತರಿಸಿಕೊಳ್ಳುವುದು ನನಗೆ ಸರಿಕಾಣದು.

ನಾದದ ಪರೀಕ್ಷೆಗೆ ಮೊದಲು ಶ್ರುತಿಯ ಪರೀಕ್ಷೆ. ಇದನ್ನು ಸಂಗೀತ ಬಾರದವರೂ ಮಾಡಬಹುದು. ತಂತಿಯ ನಟ್ಟನಡುವೆ, ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ಬೆರಳನ್ನು ಸುಮ್ಮನೆ ಸೋಕಿಸಿ ಮಿಡಿದರೆ ತಾರಷಡ್ಜ ಗಂಟೆಯಂತೆ ಕೇಳುತ್ತದೆ. ಅಲ್ಲಿಯೇ ಒತ್ತಿ ಮಿಡಿದರೂ ಅದೇ ಸ್ವರ ಬರಬೇಕು. ಬಾರದಿದ್ದರೆ ಕುದುರೆಯ ಮೇಲಿನ ಸಣ್ಣ ತಿರುಪನ್ನು ತಿರುಗಿಸಿ ಸರಿಪಡಿಸಬೇಕು. ವೀಣೆಯಲ್ಲಾದರೆ ಮೇಣದ ಮೇಲಿನ ಮೆಟ್ಟಿಲನ್ನೇ ಕದಲಿಸಬಹುದು. ಇಲ್ಲಿ ಮೆಟ್ಟಿಲುಗಳು ಹಲಗೆಗೆ ಹುದುಗಿದುವು, ಕದಲವು. ಆಮೇಲೆ ಒಂದೊಂದು ತಂತಿಯನ್ನೂ ಒಂದೊಂದು ಮೆಟ್ಟಿಲಿನಲ್ಲಿಯೂ ಒತ್ತಿ, ಎಲ್ಲಿಯಾದರೂ ಕರಕರ ಸದ್ದು ಬರುವುದೇ ಎಂದು ನೋಡಬೇಕು. ಅಂಗಡಿಯಲ್ಲಿ ತೂಗುಹಾಕಿದ ಗಿಟಾರುಗಳ ತಂತಿ ಬಹುಮಟ್ಟಿಗೆ ಎತ್ತರವಾಗಿದ್ದುವು. ಮಾರುವಾತನು ಅದನ್ನು ತಗ್ಗಿಸಿಕೊಡಲು ಅರ್ಧ ಗಂಟೆ ಗೊಣಗಿದನು. ಗೊಣಗಿದರೂ ಬಿಡಬಾರದು. ಸರಿಯಾಗಿ ಅಳವಡಿಸದ ಒಳ್ಳೆಯ ವಾದ್ಯ, ಅಳವಡಿಸಿದ ಸಾಮಾನ್ಯ ವಾದ್ಯಕ್ಕಿಂತ ಕೆಟ್ಟದಾಗಿ ಕೇಳುತ್ತದೆ. ಅಂಥ ಹೋಲಿಕೆಯಿಂದ ತಪ್ಪು ತೀರ್ಪೇ ಹೊರಡುವುದು.

ಕಡೆಗೆ ನಾನು ಗೋಡೆಯ ಕಡೆಗೆ ಮುಖಮಾಡಿ ಕುಳಿತೆನು. ಹುಡುಗಿ ಹೇಳದೆಯೇ ಒಂದಾದ ಮೇಲೊಂದರಂತೆ ಮೂರನ್ನು, ಒಂದೇ ಆಂಪ್ಲಿಫಯರಿನಲ್ಲಿ, ಒಂದೇ ಹಾಡನ್ನು ನುಡಿಸಿದಳು. ನಾಲ್ಕು ಸುತ್ತು ನಡೆಯಿತು. ನಾಲ್ಕರಲ್ಲಿ ಮೂರು ಸಲ ನಾನು ಒಪ್ಪಿದ್ದು ಹಗುರವಾದ ಎಪಿಫೋನನ್ನು. ಮಂದ್ರದಲ್ಲಿ ಅದರ ದನಿಗೆ ತುಂಬುಗೊಡದ ಗಾಂಭೀರ್ಯವಿತ್ತು. ನಾನು ಸಂತೋಷದಿಂದ ತಿರುಗಿ, ಇದೇ ಆಗಲಿ ಎಂದೆನು. ಹುಡುಗಿ "ಆಗಲಿ ಮಾವ" ಎಂದಳು. ಹೇಳಿದ ಬಗೆಯನ್ನು ನಾನು ಗಮನಿಸಲಿಲ್ಲ.

ನನ್ನ ತಂಗಿ ಗಮನಿಸಿದಳು. ಅಷ್ಟು ಹೊತ್ತು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದವಳು ಎದ್ದುಬಂದು ಮಗಳನ್ನು ಕೇಳಿದಳು: "ನಿನ್ನ ಕೈಗೆ ಯಾವುದು?" ಹುಡುಗಿ ನನ್ನ ಮುಖವನ್ನು ನೋಡಿದಳು. "ಅವರ ಮುಖವನ್ನು ನೋಡಬೇಡ, ನಿನ್ನ ಎಡಗೈಯನ್ನು ನೋಡಿ ಹೇಳು" ಎಂದು ತಂಗಿ ಮತ್ತೆ ಕೇಳಿದಳು. ಆಗ ಅವಳು ಪಿ.ಆರ್.ಎಸ್.ನ ದಂಡಿಯನ್ನು ಹಿಡಿದು ತೋರಿಸಿದಳು. ಕಾರಣವನ್ನೂ ಹೇಳಿದಳು. ಆ 245 ಎಂಬ ಸಂಖ್ಯೆ ಕುದುರೆಯಿಂದ ತಲೆಯ ಬುಡದವರೆಗಿನ ತಂತಿಯ ಉದ್ದವಾದ ಇಪ್ಪತ್ತನಾಲ್ಕೂವರೆ ಅಂಗುಲವನ್ನು ಸೂಚಿಸುತ್ತದೆ. ಫೆಂಡರಿನವರ ಉದ್ದ ಇಪ್ಪತ್ತೈದೂವರೆ. ಗಿಬ್ಸನ್ ಮತ್ತು ಎಪಿಫೋನಿನವರದು ಇವೆರಡರ ನಡುವೆ, ಇಪ್ಪತ್ತನಾಲ್ಕೂಮುಕ್ಕಾಲು. ಅದೇ ತಂತಿಯನ್ನು ಅದೇ ಶ್ರುತಿಗೆ ಬಿಗಿದರೆ ಉದ್ದದ ವರ್ಗದಂತೆ ಬಿಗಿತ ಏರುತ್ತದೆ. ಲೆಕ್ಕ ಹಾಕಿ ನೋಡಿದೆನು, ಫೆಂಡರಿಗಿಂತ ಇದರಲ್ಲಿ ಬಿಗಿತ ನೂರಕ್ಕೆ ಎಂಟರಷ್ಟು ಕಡಮೆ. ಎಪಿಫೋನಿಗೂ ಇದಕ್ಕೂ ಅಂತರ ನೂರಕ್ಕೆ ಎರಡೇ ಆದರೂ, ಅವಳ ಬೆರಳಿಗೆ ಅದರ ದಂಡಿಯ ಸುತ್ತಳತೆ ಒಗ್ಗಿರಲಿಲ್ಲ. ಗಮಕಕ್ಕಾಗಿ ತಂತಿಯನ್ನು ಎಳೆಯುವಾಗ ಮಣಿಕಟ್ಟಿನಲ್ಲಿ ನೋವೆಂದಳು. ಅಲ್ಲದೆ ಇದರ ತಲೆಯ ಬಾಗು ಕಡಮೆ, ತಂತಿಗಳು ಬಿರಡೆಗೆ ಹೆಚ್ಚುಕಡಮೆ ನೇರವಾಗಿ ಹೋಗುತ್ತವೆ; ಬಸ್ಸಿನ ಪ್ರಯಾಣಕ್ಕೂ ಅದೇ ಮೇಲು.

"ಇದನ್ನೆಲ್ಲ ಮೊದಲೇ ಏಕೆ ಹೇಳಲಿಲ್ಲ?" ಎಂದು ನಾನು ಕೇಳಿದೆನು.

"ನೀವು ಅಷ್ಟು ಸಂತೋಷವಾಗಿ ತಿರುಗಿದಿರಿ" ಎಂದಳು.

ತಂಗಿ ಏನೂ ಹೇಳಲಿಲ್ಲ. ನಾನು ತಕ್ಕಡಿಯನ್ನು ಚೀಲದೊಳಕ್ಕೆ ಹಾಕಿ, ಎಸ್.ಇ. 245ಕ್ಕೆ ಹಣವನ್ನು ಎಣಿಸಿಕೊಡುವಂತೆ ಅವಳಿಗೆ ಹೇಳಿದೆನು. ಗಟ್ಟಿಪೆಟ್ಟಿಗೆ, ಎರಡು ಜೊತೆ ತಂತಿ, ಒಂದು ಅಗಲವಾದ ಹೆಗಲಪಟ್ಟಿ ಇವೂ ಸೇರಿ ನಮ್ಮ ಎಂಬತ್ತು ಸಾವಿರವನ್ನು ಸ್ವಲ್ಪ ಮೀರಿತು. ಮೀರಿದ್ದನ್ನು ನಾನು ಕೊಟ್ಟೆನು. ಇದರಿಂದ ಎಪಿಫೋನಿಗಿಂತ ಪಿ.ಆರ್.ಎಸ್. ಉತ್ತಮವೆಂದು ಯಾರೂ ತಿಳಿಯಬಾರದು. ನನ್ನ ಕಿವಿಗೆ ಇಂದಿಗೂ ಆ ಹಗುರವಾದ ಎಪಿಫೋನೇ ಮೇಲು. ಕೈ ದೊಡ್ಡದಾದ ಹುಡುಗನೊಬ್ಬನು ಕೇಳಿದರೆ ಅದನ್ನೇ ಹೇಳುತ್ತೇನೆ. ಆದರೆ ನುಡಿಸತಕ್ಕವನು ನಾನಲ್ಲ.

ಕಾವೇರಿಯ ದಡದಲ್ಲಿ ಮಳೆಗಾಲದ ತೇವಕ್ಕೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರಸಿ ಪೆಟ್ಟಿಗೆಯಲ್ಲಿಡಬೇಕು. ಶಿವರಾತ್ರಿ ಕಳೆದು ಗಾಳಿ ಒಣಗಿದಾಗ ದಂಡಿ ಕೂದಲೆಳೆಯಷ್ಟು ಬಾಗುವುದುಂಟು. ಒಳಗಿನ ಕಂಬಿಯನ್ನು ಕಾಲುಸುತ್ತು ತಿರುಗಿಸಿದರೆ ನೇರವಾಗುತ್ತದೆ. ತಿಳಿದವರಿಂದ ಒಮ್ಮೆ ಕಲಿತು ಮಾಡುವುದು ಲೇಸು.

ಹೋದ ವಾರ ಕಿಕ್ಕೇರಿಗೆ ಹೋಗಿದ್ದೆನು. ಹುಡುಗಿ ಹೊಸಹೊಳಲಿನ ಹತ್ತಿರ ಒಂದು ಮದುವೆಯಲ್ಲಿ ನುಡಿಸಿ ಅದೇ ರಾತ್ರಿ ಬಂದಿದ್ದಳು. ಪೆಟ್ಟಿಗೆ ನಡುಮನೆಯಲ್ಲಿ ವೀಣೆಯ ಪಕ್ಕದಲ್ಲಿತ್ತು. ಈ ಸಲ ನಾನು ಎದುರಿಗೇ ಕುಳಿತುಕೊಂಡೆನು. ವೀಣೆಯ ಗವುಸನ್ನು ಯಾರೋ ಒಗೆದು ಹಾಕಿದ್ದರು. ಕಾಫಿಯನ್ನು ಕೊಡುತ್ತ ತಂಗಿ ಕೇಳಿದಳು: "ಅಣ್ಣ, ಮೈಸೂರಿನಲ್ಲಿ ಮೇಳ ಕಟ್ಟಿಕೊಡುವವರು ಈಗಲೂ ಇದ್ದಾರೆಯೇ? ದಂಡಿಯನ್ನು ಸ್ವಲ್ಪ ಕೆತ್ತಿ ಸಣ್ಣದು ಮಾಡಲು ಬರುತ್ತದೆಯೋ ಕೇಳಬೇಕಾಗಿತ್ತು." ವಿಚಾರಿಸಿ ಹೇಳುತ್ತೇನೆಂದು ಬಂದಿದ್ದೇನೆ. ಸೋಮವಾರ ಮೈಸೂರಿಗೆ ಹೋಗುತ್ತೇನೆ.